ಅರ್ಧ ಕಪ್ ಚಹಾ ಲೆಕ್ಕಕ್ಕಿಲ್ಲ

ಜುಲೈ 31, ಗುರುವಾರ. ಮಧ್ಯಾಹ್ನ

ಮಹಾರಾಜರು ಈಗಷ್ಟೇ ಕಣ್ಣು ಮುಚ್ಚಿದ್ದಾರೆ. ಮುಚ್ಚಿದ್ದಾರೆ, ಅಷ್ಟೇ. ಮಲಗಿದ್ದಾರೆ ಎಂದು ಬರೆಯುವ ಧೈರ್ಯ ಇಲ್ಲ. ನಿನ್ನೆ ಹಾಗೆ ಬರೆದೆ, ಪೂರ್ಣವಿರಾಮ ಇಡುವುದರೊಳಗೆ ಎದ್ದರು.

ಆಸ್ಥಾನದ ವರದಿ: ವಯಸ್ಸು ಒಂದೂವರೆ ತಿಂಗಳು. ತೂಕ ಛಲೋ. ಕಣ್ಣು ದೊಡ್ಡವು, ಸದಾ ತೆರೆದವು. ಬಾಗಿಲು ಕಿರ್ ಅಂದರೆ ಬೆಚ್ಚಿ ಎರಡೂ ಕೈ ಮೇಲೆ ಎತ್ತುತ್ತಾರೆ, ಪೊಲೀಸರಿಗೆ ಶರಣಾದವರ ಹಾಗೆ. ಗದ್ದ ನಡುಗುತ್ತದೆ. ನೋಡಲು ಬಂದವರದೆಲ್ಲ ಒಂದೇ ಮಾತು — "ಏನ್ ಚುರುಕ್ ಐತಿ ಕೂಸು." ಹೌದು. ಬ್ಯಾಂಕಿನ ಕಾವಲಿಗೆ ಕೂಡ್ರಿಸಬಹುದು.

ಮಹಾರಾಜರ ತಾಯಿ, ಅಂದರೆ ನಾನು, ಸೌಂದರ್ಯಾ. ಹೆಸರಿಗೆ. ಕನ್ನಡಿಯನ್ನು ಆಯಿ ತೆಗೆದಿಟ್ಟಿದ್ದಾಳೆ, ಬಾಣಂತಿ ಮುಖ ನೋಡಿಕೊಳ್ಳಬಾರದಂತೆ. ಈ ಒಂದು ಕಾಯ್ದೆಗೆ ನನ್ನ ವಿರೋಧ ಇಲ್ಲ.

ಉಳಿದ ಕಾಯ್ದೆಗಳು. ಬರೆದವಳು ಆಯಿ, ಅವ್ವನ ಅವ್ವ, ಶಿವಲಿಂಗವ್ವ. ಜಾರಿ ಮಾಡುವವಳು ಅವ್ವ, ದಾಕ್ಷಾಯಿಣಿ. ಕಿವಿಗೆ ಸ್ಕಾರ್ಫ್. ಕಾಲಿಗೆ ಸಾಕ್ಸು. ಫ್ಯಾನ್ ಕಡೆ ನೋಡುವುದೂ ಇಲ್ಲ. ಎಲ್ಲಕ್ಕಿಂತ ಮೇಲೆ — ನೀರು ಕುಡಿಯಬಾರದು. ಕುಡಿದರೆ ನನಗೆ ಹೊಟ್ಟೆ ಬರುತ್ತದೆ, ಕೂಸಿಗೆ ಥಂಡಿ ಆಗುತ್ತದೆ. ಬಾಯಿ ಒಣಗಿದರೆ ಏನು ಮಾಡಬೇಕು? ಚಹಾ. ಎದ್ದ ಕೂಡಲೇ ಚಹಾ. ಎರೆದುಕೊಂಡು ಹೊಗೆ ಹಾಕಿಸಿಕೊಂಡ ಮೇಲೆ ಒಣಶುಂಠಿ ಕುಟ್ಟಿ ಹಾಕಿದ್ದು. ಅದು ಚಹಾ ಅಲ್ಲ, ಔಷಧ. ಊಟದ ಮೇಲಿನದು ನೀರಿನ ಬದಲು, ಆದ್ದರಿಂದ ಅದು ನೀರು. ಮಂದಿ ನೋಡಲು ಬಂದಾಗ ಅವರ ಸಂಗಡ ಅರ್ಧ ಕಪ್. ಅರ್ಧ ಲೆಕ್ಕಕ್ಕಿಲ್ಲ. ಪಂಚಮಿ ಉಂಡಿ ಹಿಡಿದುಕೊಂಡು ಈ ವಾರ ನಮ್ಮ ಕೆಲಗೇರಿ ಊರೆಲ್ಲ ಬಂದುಹೋಯಿತು.

ಎದ್ದರು.

ಆಗಸ್ಟ್ 1, ಶುಕ್ರವಾರ

ತೊಟ್ಟಿಲಿಗೆ ಫಲಕ ತೂಗುಹಾಕಿದೆ: "ಸನ್ನಿಧಾನದ ದರ್ಶನ ವೇಳೆ: ಇಪ್ಪತ್ನಾಲ್ಕು ತಾಸು. ಭಕ್ತರು ತಮ್ಮ ನಿದ್ದೆಯನ್ನು ಹೊರಗೆ ಬಿಟ್ಟು ಬರಬೇಕು." ಅವ್ವ ಕಿತ್ತು ಒಲೆಗೆ ಹಾಕಿದಳು. ತಾಯಿ ಆದರೂ ಬುದ್ಧಿ ಬರಲಿಲ್ಲವಂತೆ ನನಗೆ.

ಆಯಿ ಮಾತ್ರ ಓದಿಸಿಕೊಂಡು ಕೇಳಿ, ಸೆರಗು ಬಾಯಿಗಿಟ್ಟು ನಕ್ಕಳು. ಆಯಿ ಒಳ್ಳೆಯವಳು. ವಿಡಿಯೋ ಕಾಲ್ ಬಂದರೆ ಚಪ್ಪಲಿ ಕಳೆದು ಮಾತಾಡಬೇಕು, ಅದು ಕಂಪನಿಯ ನಿಯಮ ಎಂದು ನಾನು ಹೇಳಿ ಎರಡು ವರ್ಷ ಆಯಿತು. ಇನ್ನೂ ಕಳೆಯುತ್ತಾಳೆ.

ಆಗಸ್ಟ್ 2, ಶನಿವಾರ. ಸಂಜೆ

ಮಹಾರಾಜರ ಸವಾರಿ ದವಾಖಾನೆಗೆ. ಡಾಕ್ಟರ್ ಪ್ರಭಾವತಿ ಬಾಯಿ, ಎಳೆಯ ಮಕ್ಕಳ ತಜ್ಞೆ. ಕಿವಿ ನೋಡಿದರು, ಹೊಟ್ಟೆ ಒತ್ತಿದರು, ಕಾಲು ಮಡಚಿದರು. ಎಲ್ಲ ನೆಟ್ಟಗಿದೆ. ನಿದ್ದೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ, ಹತ್ತು ನಿಮಿಷಕ್ಕೆ ಬೆಚ್ಚಿ ಏಳುತ್ತದೆ ಅಂದೆ. ನನ್ನ ಮುಖ ನೋಡಿಯೇ ನಂಬಿದರು ಅನ್ನಿಸಿತು.

ಕೊನೆಗೆ ಕೇಳಿದರು: "ನೀವು ಕೆಫೀನ್ ಭಾಳ ತೊಗೋತೀರೇನು? ತೊಗೋತಿದ್ರ ಕಡಿಮಿ ಮಾಡ್ರಿ. ಹಾಲಿನ್ಯಾಗ ಕೂಸಿಗೆ ಹೋಗ್ತೈತಿ."

ನನಗಿಂತ ಮೊದಲು ಅವ್ವ: "ಕಾಫೀನ್ರಿ? ಇಲ್ರಿ ಬಾಯಾರ. ನಮ್ಮ ಮನ್ಯಾಗ ಅದನ್ನ ಮೂಸಿ ಸೈತ ನೋಡೂದಿಲ್ಲ."

ಡಾಕ್ಟರ್ ನನ್ನ ಕಡೆ ನೋಡಿದರು. ನಾನೂ ಗಂಭೀರವಾಗಿ ತಲೆ ಆಡಿಸಿದೆ. ಖರೇ ತಾನೆ. ನಾನು ಜೀವನದಲ್ಲಿ ಕಾಫಿ ಕುಡಿದದ್ದು ಒಂದೇ ಸಲ, ಬೀಗರ ಮದುವೆಯಲ್ಲಿ, ಚಹಾ ಎಂದು ತಿಳಿದು. ಡಾಕ್ಟರ್ ಸಮಾಧಾನದಿಂದ ಗ್ಯಾಸಿನ ಹನಿ ಬರೆದುಕೊಟ್ಟರು.

ಮನೆಗೆ ಬಂದು ಅವ್ವ ಆಯಿಗೆ ಹೇಳಿದ ರೀತಿ ನೋಡಬೇಕಿತ್ತು. ಪರೀಕ್ಷೆಯಲ್ಲಿ ಮನೆತನಕ್ಕೇ ಫಸ್ಟ್ ಕ್ಲಾಸ್ ಬಂದ ಹಾಗೆ. ಕಾಫಿ ಕುಡಿಯುವ ಆ ಮೈಸೂರು ಕಡೆಯವರ ಕೂಸುಗಳ ಗತಿ ನೆನೆದು ಇಬ್ಬರೂ ಮರುಗಿದರು. ದಣಿದು ಬಂದೆವಲ್ಲ, ಆಯಿ ಎಲ್ಲರಿಗೂ ಚಹಾ ಮಾಡಿದಳು. ನನಗೆ ದೊಡ್ಡ ಲೋಟ.

ಆಗಸ್ಟ್ 5, ಮಂಗಳವಾರ

ಎರಡು ದಿನ ಬರೆಯಲಿಲ್ಲ. ಬರೆಯುವಂಥದು ಏನೂ ಇಲ್ಲ. ಅತ್ತ. ಎತ್ತಿದೆ. ಕುಡಿಸಿದೆ. ಅತ್ತ. ಹನಿ ಹಾಕಿದೆ. ಅತ್ತ.

ಇವತ್ತು ಬೆಳಿಗ್ಗೆ ತೊಟ್ಟಿಲು ಜೋರಾಗಿ ತೂಗಿದೆ. ಜೋರು ಅಂದರೆ — ಹಗ್ಗ ಕೊಂಡಿಯಲ್ಲಿ ಕಟಕಟ ಅಂದಿತು. ಅವನು ಅಳು ನಿಲ್ಲಿಸಿ ನನ್ನನ್ನೇ ನೋಡಿದ. ಅಂಜಿ ನಿಲ್ಲಿಸಿದ್ದು. ತೊಟ್ಟಿಲು ಹಿಡಿದು ನಿಲ್ಲಿಸಿ ಗೋಡೆಯ ಕಡೆ ಹೋಗಿ ನಿಂತೆ. ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು.

ಕಿರಣನಿಗೆ ಫೋನ್ ಮಾಡಿದೆ. ಗಂಡ, ಬಸವಕಿರಣ. ನವನಗರದಲ್ಲಿ ಅತ್ತೆಯ ಸಂಗಡ ಇದ್ದಾನೆ, ಕಾಳಿನ ಅಂಗಡಿ ನೋಡುತ್ತಾನೆ, ಐತವಾರ ಬರುತ್ತಾನೆ. ಹಿಂದೆ ಗೋಣಿಚೀಲ ಎಸೆಯುವ ಸದ್ದು.

"ಕಿರಣ, ನನಗ ನನ್ನ ಕೈ ಅಂದ್ರ ಅಂಜಿಕಿ ಬರಾಕತ್ತೈತಿ."

"ಯಾವ ಕೈ? ಎಡಗೈನೋ ಬಲಗೈನೋ?"

ನಗುತ್ತಿದ್ದ. ತಪ್ಪೇನಿಲ್ಲ, ನಾನು ಫೋನ್ ಮಾಡಿದಾಗಲೆಲ್ಲ ನಗುವುದೇ ಅವನ ಕೆಲಸ. ನಾನೂ ಅಂದೆ — ಎರಡೂ, ಮೆರವಣಿಗೆಯಲ್ಲಿ ಬರಾಕತ್ತಾವು. ನಕ್ಕು ಫೋನ್ ಇಟ್ಟ.

ಯಾಕೆ ಹಾಗಂದೆ?

ಆಗಸ್ಟ್ 6, ಬುಧವಾರ

ಬಹಳ ದಿನಕ್ಕೆ ಒಂದು ಯೋಜನೆ ಹೊಳೆದಿತ್ತು. ಐತವಾರ ಕಿರಣನ ಕೈಯಿಂದ ಒಂದು ಕಾಫಿ ಪುಡಿಯ ಪೊಟ್ಟಣ ತರಿಸುವುದು. ಅದನ್ನು ದೇವರ ಜಗಲಿಯ ಮೇಲೆ, ವಿಭೂತಿಯ ಪಕ್ಕ ಇಡುವುದು. ಮೇಲೆ ಒಂದು ಪಟ್ಟಿ: "ಎಚ್ಚರ. ಇದರೊಳಗೆ ಕೆಫೀನಾಸುರ ವಾಸವಾಗಿದ್ದಾನೆ." ಅವ್ವ ಪೂಜೆಗೆ ಕೂತಾಗ ನೋಡಬೇಕು.

ಅಸುರನ ವಂಶಾವಳಿ ಸರಿಯಾಗಿರಲಿ ಎಂದು ಮೊಬೈಲಿನಲ್ಲಿ ಹುಡುಕಿದೆ. ಅಸುರ ಇರುವ ಮನೆಗಳು ಯಾವುವು? ಕಾಫಿ. ಆಮೇಲೆ ಚಹಾ.

ಆಮೇಲೆ ಚಾಕಲೇಟು, ಬಾಟಲಿ ಪಾನೀಯ, ಇನ್ನೂ ಏನೇನೋ. ನಾನು ಎರಡನೆಯ ಮನೆಯಲ್ಲೇ ನಿಂತೆ.

ಇನ್ನೊಂದು ಕಡೆ ನೋಡಿದೆ. ಅಲ್ಲಿಯೂ ಚಹಾ. ಕಪ್ಪಿಗೆ ಕಪ್ಪು ಹಿಡಿದರೆ ಕಾಫಿಗಿಂತ ಕಡಿಮೆ, ಆದರೆ ಇದೆ, ಕುದಿಸಿದಷ್ಟೂ ಹೆಚ್ಚು. ಒಂದೆರಡು ಕಪ್ ಬಾಣಂತಿಗೆ ಅಡ್ಡಿ ಇಲ್ಲ. ಅದಕ್ಕಿಂತ ಹೆಚ್ಚಾದರೆ ಹಾಲಿನಲ್ಲಿ ಕೂಸಿಗೆ. ದೊಡ್ಡವರ ಮೈಯಿಂದ ಕೆಲವು ತಾಸಿಗೆ ಇಳಿಯುತ್ತದೆ. ಎಳೆಕೂಸಿನ ಮೈಗೆ ಅದನ್ನು ಕರಗಿಸಲು ಇನ್ನೂ ಬರುವುದಿಲ್ಲ — ದಿನಗಟ್ಟಲೆ ಒಳಗೇ ಉಳಿಯುತ್ತದೆ. ಇಳಿಯುವ ಮೊದಲೇ ಮುಂದಿನದು ಬರುತ್ತದೆ. ಕೂಸು ಮಲಗುವುದಿಲ್ಲ. ಬೆಚ್ಚುತ್ತದೆ. ಕೈ ಗದ್ದ ನಡುಗುತ್ತದೆ. ಕಣ್ಣು ಅಗಲವಾಗಿ ತೆರೆದಿರುತ್ತದೆ.

ಏನ್ ಚುರುಕ್ ಐತಿ ಕೂಸು.

ಪೊಟ್ಟಣದ ಯೋಜನೆ ರದ್ದು.

ಸಂಜೆ ಅವ್ವ, ಆಯಿ ಇಬ್ಬರನ್ನೂ ಕೂಡ್ರಿಸಿ ಹೇಳಿದೆ. ಇದು ಚಹಾದಿಂದ. ನನಗೆ ಚಹಾ ಬೇಡ, ನೀರು ಕೊಡಿರಿ. ಇಬ್ಬರೂ ಕೇಳಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಕ್ಕರು. ಆಯಿ ಕಣ್ಣೀರು ಬರುವಷ್ಟು ನಕ್ಕಳು — ಚಪ್ಪಲಿಗಿಂತ ಇದು ಛಲೋ ಐತಿ ಅಂದಳು. ಅಂದರೆ ಚಪ್ಪಲಿಯದೂ ಅವಳಿಗೆ ಗೊತ್ತಿತ್ತು.

ನಾನು ನಗಲಿಲ್ಲ. ಅದಕ್ಕೆ ಇನ್ನೂ ನಕ್ಕರು. ನಗದೆ ಹೇಳುವುದು ನನ್ನ ಕಸಬು.

ಮೂರನೆಯ ಸಲ ಹೇಳಿದಾಗ ಆಯಿಯ ನಗು ನಿಂತಿತು. "ನಿಮ್ಮವ್ವನ ಬಾಣಂತನ ಇದ ಚಾದ ಮ್ಯಾಲ ಮಾಡೇನಿ. ಅಂದ್ರ ನಾ ಇಷ್ಟ ದಿನ ನಿನಗ ವಿಷಾ ಕುಡಿಸೇನಿ ಅಂತೀ?" ಎದ್ದು ಒಳಗೆ ಹೋದಳು. ಅವ್ವ ನನಗೆ ಕಣ್ಣು ಬಿಟ್ಟು, ಮುದುಕಿಯ ಕೂಡ ಎಂಥ ಮಸ್ಕಿರಿ ಅಂದಳು.

ಆಗಸ್ಟ್ 7, ಗುರುವಾರ. ಬೆಳಿಗ್ಗೆ 11

ಡಾಕ್ಟರಿಗೇ ಫೋನ್ ಮಾಡಿದೆ. ಪುಣ್ಯಾತ್ಮೆ, ಎತ್ತಿದರು. ಕಾಯ್ದೆಗಳನ್ನೆಲ್ಲ ವಿವರಿಸಿದೆ — ನೀರಿನದು, ಔಷಧದ್ದು, ಅರ್ಧದ್ದು. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು, ಅಯ್ಯ, ನಾ ಚಾ ಅಂತ ಕೇಳಬೇಕಿತ್ತು ನಿಮಗ. ಅದೇ ಇರಬಹುದು, ನೋಡೋಣ, ದಿನಕ್ಕೆ ಒಂದಕ್ಕೆ ಇಳಿಸಿ. ನೀರು ಹೊಟ್ಟೆ ತುಂಬ ಕುಡಿಯಿರಿ. ಹಾಲು ಮಾತ್ರ ಬಿಡಬೇಡಿ. ತಕ್ಷಣ ಗುಣ ಕಾಣದಿದ್ದರೆ ಹೆದರಬೇಡಿ, ವಾರ ಹಿಡಿಯಬಹುದು.

ಇದನ್ನೇ ನಮ್ಮ ಅವ್ವನಿಗೆ ಹೇಳಿರಿ ಎಂದು ಸ್ಪೀಕರ್ ಹಾಕಿ ಅಡುಗೆಮನೆಗೆ ಓಡಿದೆ.

ಅವ್ವ ಲಟ್ಟಣಿಗೆ ಹಿಡಿದು ಕೇಳಿದಳು. "ದಾಕ್ಷಾಯಿಣಿ ಅವರ, ಚಾದಾಗೂ ಕೆಫೀನ್ ಇರ್ತೈತ್ರಿ" ಅಂದಿತು ಫೋನು. ಅವ್ವನ ತುಟಿಯ ಅಂಚು ಮೇಲೆ ಹೋಯಿತು.

"ಸ್ನೇಹಲ್, ಈ ಸಲ ಆವಾಜ್ ಛಲೋ ತಗದೀ ನೋಡವಾ. ಮನಿಗೆ ಬಾ, ಕೂಸಿನ್ನ ನೋಡಿ ಚಾ ಕುಡದ ಹೋಗಂತ." ಕೆಂಪು ಗುಂಡಿ ಒತ್ತಿದಳು. ರೊಟ್ಟಿಗೆ ತಿರುಗಿದಳು.

ಸ್ನೇಹಲ್ ನನ್ನ ಗೆಳತಿ. ಮದುವೆಗೆ ಮೊದಲು ಒಮ್ಮೆ ಪಾಸ್‌ಪೋರ್ಟ್ ಸಾಹೇಬ್ತಿಯ ಸೋಗು ಹಾಕಿ ಅವ್ವನಿಗೆ ಫೋನ್ ಮಾಡಿ, ಅವ್ವನ ತೂಕ ಕೇಳಿ, ಖಾಲಿ ಹೊಟ್ಟೆಯದು ಹೇಳಿರಿ ಎಂದು ಮತ್ತೊಮ್ಮೆ ಕೇಳಿದ್ದಳು. ಪಕ್ಕದಲ್ಲಿ ನಾನು ಇದ್ದೆ.

ಇಲ್ಲ ಅವ್ವಾ, ಇದು ಖರೇ ಡಾಕ್ಟರ್ ಅಂದೆ. ಆಗಲಿ ಅಂದಳು. ಆಣೆ ಮಾಡಿದೆ. ಆಣೆಯ ಮೇಲೆ ನಗೆ ಬ್ಯಾಡ ಅಂದಳು.

ಮತ್ತೆ ಡಾಕ್ಟರಿಗೆ ಹಚ್ಚಿದೆ. ಎತ್ತಲಿಲ್ಲ. ಪೇಶಂಟ್ ಇರಬೇಕು. ಅಥವಾ ಸಿಟ್ಟು.

ಆಗಸ್ಟ್ 9, ಶನಿವಾರ

ಗುರುವಾರದಿಂದಲೇ ಭೂಗತ ಚಳವಳಿ ಆರಂಭ. ಚಹಾ ತೆಗೆದುಕೊಳ್ಳುತ್ತೇನೆ, "ಆರಲಿ" ಅನ್ನುತ್ತೇನೆ, ಅವ್ವ ತಿರುಗಿದ ಕೂಡಲೇ ಕಿಟಕಿಯಾಚೆ ಮಲ್ಲಿಗೆ ಕುಂಡಕ್ಕೆ. ಬರಿದಾದ ಲೋಟ ನೋಡಿ ಆಯಿಗೆ ಸಂತೋಷ. ಮೊನ್ನೆಯ ಮಾತು ಮರೆತಿದ್ದಾಳೆ, ಅಥವಾ ಮರೆತ ಹಾಗೆ ಇದ್ದಾಳೆ. ಇನ್ನಷ್ಟು ತರುತ್ತಾಳೆ. ಮಲ್ಲಿಗೆಗೆ ಈಗ ನಿದ್ದೆ ಇಲ್ಲ.

ತಲೆ ಸಿಡಿಯುತ್ತಿದೆ. ಹಣೆಯ ಹಿಂದೆ ಯಾರೋ ಸಾಣೆ ಹಿಡಿದ ಹಾಗೆ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಎರೆಯುವಾಗ ತಂಬಿಗೆಯಿಂದ ಎರಡು ಗುಟುಕು ಕದ್ದೆ, ಸೀಗೆಪುಡಿಯ ಸಮೇತ. ಇದ್ದ ನೀರೆಲ್ಲ ಚಹಾದಲ್ಲೇ ಇತ್ತಲ್ಲ. ಅದೂ ನಿಂತಿತು.

ಹಾಲು ಕಡಿಮೆ ಆಗಿದೆ. ನನಗೆ ಗೊತ್ತಾಗುತ್ತದೆ. ಅವನು ಎಳೆಯುತ್ತಾನೆ, ಬಿಡುತ್ತಾನೆ, ಸಿಟ್ಟಿನಿಂದ ನೋಡಿ ಚೀರುತ್ತಾನೆ. ಮೊದಲು ನಿದ್ದೆ ಇಲ್ಲ ಎಂದು ಅಳುತ್ತಿದ್ದ. ಈಗ ಹಸಿವೆಗೂ ಅಳುತ್ತಾನೆ.

ಸಿದ್ಧಾಂತ ಸರಿ ಇದೆ. ಪ್ರಯೋಗ ಮಾಡುವವಳು ಸಾಯುತ್ತಿದ್ದಾಳೆ, ಅಷ್ಟೇ.

ಆಗಸ್ಟ್ 10, ಐತವಾರ. ಸಂಜೆ

ಕಿರಣ ಬಂದ. ಅತ್ತೆಯೂ ಬಂದರು.

ಅತ್ತೆಗೆ ಮುಡಿಯಲು ಹೂ ಬೇಕಾಯಿತು. ಕಿಟಕಿಯ ಕಡೆ ಹೋದರು. ಕುಂಡದ ಸುತ್ತ ಇರುವೆ ಸಾಲು, ಗೋಡೆ ಹತ್ತಿ ಇಳಿದು, ಜಾತ್ರೆ ಹಾಗೆ. ಮಣ್ಣಿನ ಮೇಲೆ ಶುಂಠಿಯ ನಾರು. ಅತ್ತೆ ಸಾವಕಾಶ ತಿರುಗಿ ಅವ್ವನಿಗೆ ಕೇಳಿದರು: "ಯಾಕ್ರಿ ಬೀಗತಿ, ಮಲ್ಲಿಗಿ ಗಿಡದ ಬಾಣಂತನಾನೂ ನೀವ ಮಾಡಾಕತ್ತೀರೇನು?"

ನನಗೆ ನಗು ಬಂತು. ತಡೆಯಲು ಆಗಲಿಲ್ಲ. ನಗಬಾರದಿತ್ತು.

ಅವ್ವನ ಮುಖ ಕೆಂಪಾಗಿ, ಆಮೇಲೆ ಬಿಳಿ ಆಯಿತು. ಬೀಗರ ಎದುರಿಗೆ ಮಾನ ಹೋದ ಮುಖ. ಮೆಲ್ಲಗೆ ಕೇಳಿದಳು: "ಹಾಲು ಬತ್ತಿಸಾಕ ಹೊಂಟಿದ್ದೇನು? ಕುಡಿಸೂದು ಬ್ಯಾಸರ ಆದ್ರ ಬಾಯಿಬಿಟ್ಟ ಹೇಳಬೇಕಿಲ್ಲ?"

ಎಲ್ಲ ಹೇಳಿದೆ. ಮೊದಲಿನಿಂದ. ಕೆಫೀನು, ಹಾಲು, ಡಾಕ್ಟರ್, ತೊಟ್ಟಿಲು, ಕೈ. ಕೈ ನಡುಗುವುದನ್ನೂ ತೋರಿಸಿದೆ, ಮಗನದಲ್ಲ, ನನ್ನದು. ಅತ್ತೆ ಅವ್ವನನ್ನು ನೋಡಿದರು. ಅವ್ವ ನೆಲ ನೋಡಿದಳು. ಕಿರಣ ನನ್ನನ್ನೇ ನೋಡುತ್ತಿದ್ದ, ತುಟಿಯ ಮೇಲೆ ಸಣ್ಣ ನಗು ಇಟ್ಟುಕೊಂಡು... ಕಡೆಗೆ ಏನೋ ಮೋಜಿನ ಮಾತು ಬರುತ್ತದೆ ಎಂದು ಕಾಯುತ್ತಿದ್ದ. ಬರಲಿಲ್ಲ. ಆಗ ನಗು ಹೋಯಿತು. ಅದರ ಜಾಗದಲ್ಲಿ ಬಂದದ್ದು ಅಂಜಿಕೆ. ನನ್ನ ಬಗ್ಗೆ ಅಂಜಿಕೆ.

ಅವನ ಚೀಲದಲ್ಲಿ ಹಾಲಿನ ಪುಡಿಯ ಡಬ್ಬಿ ಇತ್ತು. ಬಾಟಲಿಯೂ. ಹೊರಡುವ ಮೊದಲೇ ಕೊಂಡದ್ದು, ಹಾಲು ಸಾಲುತ್ತಿಲ್ಲ ಎಂದು ಅವ್ವ ಫೋನಿನಲ್ಲಿ ಹೇಳಿದ್ದಳಂತೆ.

ತೀರ್ಮಾನ: ಮಗ ಇನ್ನು ಅವ್ವನ ಕೋಣೆಯಲ್ಲಿ. ಡಬ್ಬಿ ಹಾಲು. ನಾನು ಆರಾಮ ಮಾಡಬೇಕು. ಯಾರೂ ಬೈಯಲಿಲ್ಲ. ಎಲ್ಲರೂ ಬಹಳ ಮೆಲ್ಲಗೆ ಮಾತಾಡಿದರು. ಕಿರಣ ನನ್ನ ತಲೆ ಸವರಿ ಹೋದ, ಬೇರೆಯವರ ಮನೆಯ ನಾಯಿಗೆ ಸವರುವ ಹಾಗೆ, ಹುಷಾರಾಗಿ.

ಆಗಸ್ಟ್ 16, ಶನಿವಾರ

ಮಲಗಿದ.

ಬೆಳಗಿನ ಎರೆತ ಆದಮೇಲೆ ಮಲಗಿದವನು ಮಧ್ಯಾಹ್ನದ ಊಟದವರೆಗೂ ಏಳಲಿಲ್ಲ. ಬೋಗುಣಿ ಬಿದ್ದಿತು, ಬೆಚ್ಚಲಿಲ್ಲ. ಗದ್ದ ನಡುಗುವುದಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ಒಳಗೆ ಹೋಗಲಿಲ್ಲ. ಹೋಗಬಾರದು ಎಂದು ಯಾರೂ ಹೇಳಿಲ್ಲ. ಆದರೆ ಹೋದರೆ ಅವ್ವ ಎದ್ದು ನಿಲ್ಲುತ್ತಾಳೆ.

ಅವ್ವ ಬೀಗರಿಗೆಲ್ಲ ಫೋನ್ ಮಾಡಿ ಹೇಳುತ್ತಿದ್ದಾಳೆ. "ಇಕಿ ಹಾಲ ಒಗ್ಗಲಿಲ್ಲರಿ ಕೂಸಿಗೆ. ಡಬ್ಬಿ ಚಾಲೂ ಮಾಡಿದ್ವಿ, ನೋಡ್ರಿ, ಹೆಂಗ ಮಕ್ಕೊಂಡೈತಿ."

ನಾನು ಚಹಾ ಬಿಟ್ಟು ಒಂಬತ್ತು ದಿನ ಆಯಿತು. ಅವನ ಮೈಯಿಂದ ಅದು ಇಳಿದಿದೆ, ಅದಕ್ಕೇ ಮಲಗುತ್ತಾನೆ. ಅಥವಾ ಡಬ್ಬಿಯಿಂದ ಮಲಗುತ್ತಾನೆ. ಯಾವುದು ಎಂದು ತೋರಿಸುವ ದಾರಿ ನನಗಿಲ್ಲ. ನಾನು ಹೇಳಿದ್ದೂ ಅದೇ ತಾನೆ — ನನ್ನ ಹಾಲಿನಿಂದ ಮಲಗುತ್ತಿಲ್ಲ. ಒಪ್ಪಿಕೊಂಡರು. ನನ್ನ ಮಾತಿನಲ್ಲಿ ಚಹಾ ಬಿಟ್ಟರು, ಹಾಲು ಹಿಡಿದರು.

ಈಗ ಅವ್ವ ಚಹಾ ಕುಡಿ ಅನ್ನುತ್ತಾಳೆ. ಕೂಸಿಗೆ ಕುಡಿಸುವುದಿಲ್ಲವಲ್ಲ, ಅಡ್ಡಿ ಇಲ್ಲ ಎಂದು ನಗುತ್ತಾಳೆ. ನನ್ನನ್ನು ನಗಿಸಲು.

ಬಚ್ಚಲಿಗೆ ಹೋಗಿ ಚಿಲಕ ಹಾಕಿ ನೀರು ಕುಡಿಯುತ್ತೇನೆ, ತಂಬಿಗೆಗಟ್ಟಲೆ. ಅಲ್ಲೇ ಹಾಲು ಹಿಂಡಿ ಚೆಲ್ಲುತ್ತೇನೆ. ಹಿಂಡದಿದ್ದರೆ ಬತ್ತುತ್ತದೆ. ಬೆಳ್ಳಗೆ ಹರಿದು ಹೋಗುತ್ತದೆ. ಮೇಲೆ ಒಂದು ತಂಬಿಗೆ ನೀರು ಹಾಕಿ ಬರುತ್ತೇನೆ, ಗುರುತು ಉಳಿಯದ ಹಾಗೆ.

ಎಲ್ಲರೂ ಮಲಗು ಅನ್ನುತ್ತಾರೆ. ನಿದ್ದೆ ಬರುವುದಿಲ್ಲ. ಇದರ ಮೇಲೆ ಒಂದು ಮಾತು ಹೊಳೆಯಬೇಕಿತ್ತು. ಹೊಳೆಯುತ್ತಿಲ್ಲ.

ಆಗಸ್ಟ್ 18, ಸೋಮವಾರ

ಶ್ರಾವಣದ ಕಡೆಯ ಸೋಮವಾರ. ಆಯಿಯದು ಕಡಕ್ ಉಪವಾಸ, ಚಹಾ ಸಹಿತ ಇಲ್ಲ. ಅವ್ವ ಗುಡಿಗೆ ಹೋಗಿದ್ದಳು. ಆಯಿ ನಡುಮನೆಯಲ್ಲಿ ಹಣೆಗೆ ಬಟ್ಟೆ ಬಿಗಿದು ಮಲಗಿದ್ದಳು.

ಅವನು ಎದ್ದ. ಎತ್ತಿಕೊಂಡೆ. ಎಂಟು ದಿನದ ಮೇಲೆ. ಭಾರ ಆಗಿದ್ದಾನೆ. ಎದೆಗೆ ಹಚ್ಚಿಕೊಂಡೆ. ಬಾಯಿ ಬಂತು, ಮುಟ್ಟಿತು, ಆಮೇಲೆ ಮುಖ ತಿರುಗಿಸಿದ. ಮತ್ತೆ ಹಚ್ಚಿದೆ. ಬೆನ್ನು ಬಿಲ್ಲು ಮಾಡಿ ಚೀರಿದ. ಹಾಲು ಅವನ ಕೆನ್ನೆಯ ಮೇಲೆ ಇಳಿಯುತ್ತಿತ್ತು, ಬಾಯಿಗೆ ಬೇಡ. ಬಾಟಲಿ ಹುಡುಕುತ್ತಿದ್ದ.

ಮೂರು ಸಲ. ಮೂರೂ ಸಲ ತಿರುಗಿಸಿದ.

ಬಾಟಲಿ ಕಲಸಿ ಕೊಟ್ಟೆ. ಗಟಗಟ ಕುಡಿದ. ತಲೆ ಎತ್ತಿದರೆ ಬಾಗಿಲಲ್ಲಿ ಆಯಿ. ಯಾವಾಗಿನಿಂದ ನಿಂತಿದ್ದಳೋ. ಒಂದು ಕೈ ಹಣೆಯ ಮೇಲೆ.

ಅವ್ವನಿಗೆ ಹೇಳುತ್ತಾಳೆ ಅಂದುಕೊಂಡೆ. ಬಂದು ಪಕ್ಕದಲ್ಲಿ ಕೂತಳು. ಆಮೇಲೆ, "ಚಾ ಬಿಟ್ಟಾಗ ನಿನಗೂ ತಲಿ ಹಿಂಗ ಹಿಡದಿತ್ತೇನು?" ಎಂದು ಕೇಳಿದಳು.

ಹೌದು ಅಂದೆ.

"ನನಗ ಪ್ರತಿ ವರ್ಷ ಹಿಡೀತೈತಿ. ಉಪಾಸದ್ದು ಅಂತ ತಿಳಕೊಂಡಿದ್ದೆ." ಹಣೆಯ ಬಟ್ಟೆ ಬಿಚ್ಚಿ ಮತ್ತೆ ಕಟ್ಟಿಕೊಂಡಳು. "ಬಿಟ್ರ ಹಿಂಗ ಹಿಡೀತೈತಿ ಅಂದ್ರ, ಅದರಾಗ ಏನೋ ಐತಿ. ನೀರ ಅಲ್ಲ ಅದು."

ಮಗನ ಕೆನ್ನೆಯ ಮೇಲಿನ ಹಾಲು ತನ್ನ ಸೆರಗಿನಿಂದ ಒರೆಸಿದಳು. ನನಗೆ ಅಳು ಬಂತು. ಅವಳು ನೋಡಲಿಲ್ಲ. ನೋಡದ ಹಾಗೆ ಕೂತಿದ್ದಳು.

ಈಗ ನಂಬಿದರೆ ಏನು. ಅವನೇ ಬೇಡ ಅಂದಮೇಲೆ.

ಆಗಸ್ಟ್ 21, ಗುರುವಾರ. ಮಧ್ಯಾಹ್ನ

ಓಣಿಯ ಕೊನೆಯ ಮನೆಯಲ್ಲಿ ಕುಬಸ. ಚೊಚ್ಚಲ ಬಸುರಿ, ಹಸಿರು ಸೀರೆ, ಊಟ. ಅವ್ವ ಒಲ್ಲೆ ಅಂದಳು, ಇವಳ ಹತ್ತಿರ ಕೂಸು ಬಿಟ್ಟು ಹೆಂಗ ಹೋಗಲಿ ಎಂದು ನನಗೆ ಕೇಳಿಸದ ಹಾಗೆ, ಅಂದರೆ ಕೇಳಿಸುವ ಹಾಗೆ. ಆಯಿ ಬಿಡಲಿಲ್ಲ. ನನ್ನ ಮಣಕಾಲು ನೋಯುತ್ತದೆ, ಕೈ ಹಿಡಿದು ನಡೆಸಲು ನೀನೇ ಬೇಕು, ಹೋಗದಿದ್ದರೆ ಮಂದಿ ಏನಂದಾರು ಅಂದಳು. ಮುಂಜಾನೆ ಇದೇ ಮಣಕಾಲಿನ ಮೇಲೆ ಆಯಿ ಅಂಗಳವೆಲ್ಲ ಸಾರಿಸಿದ್ದಳು.

ಹೊರಡುವಾಗ ಚಪ್ಪಲಿ ಹುಡುಕುವ ನೆವ ಮಾಡಿ ಒಬ್ಬಳೇ ತಿರುಗಿ ಬಂದಳು. ಒಂದು ಚರಿಗೆ ನೀರು ನನ್ನ ಪಕ್ಕ ಇಟ್ಟಳು. ಮುಖ ಕೋರ್ಟಿನ ಜಜ್ಜಿನ ಹಾಗೆ.

"ಹಾಲಿನ ಡಬ್ಬಿ ನನ್ನ ಟ್ರಂಕಿನ್ಯಾಗ ಐತಿ. ಕೀಲಿ ಕಳದೈತಿ."

ಕೀಲಿ ಅವಳ ಸೊಂಟದಲ್ಲಿ ಜೋತಾಡುತ್ತಿತ್ತು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು.

"ಕೂಸು ಹಸದ ಎದ್ರ ಏನ್ ಮಾಡ್ತೀಯೋ, ನನಗ ಗೊತ್ತಿಲ್ಲವಾ. ನಾವು ಬರೂದು ತಡಾ ಆಕ್ಕೈತಿ." ಹೋದಳು. ಅಂಗಳದಿಂದ ಅವ್ವನಿಗೆ ಮಣಕಾಲಿನ ಮೇಲೆ ಭಾಷಣ ಕೇಳಿಸಿತು, ದೂರ ಆಗುವವರೆಗೆ.

ನೀರು ಪೂರ್ತಿ ಕುಡಿದೆ. ಡಾಕ್ಟರಿಗೆ ಫೋನ್ ಹಚ್ಚಿದೆ. ಎತ್ತಿದರು. ಸಿಟ್ಟು ಇರಲಿಲ್ಲ. ಬಾಟಲಿ ಹಿಡಿದ ಕೂಸು ತಿರುಗಿ ಬರುತ್ತದೆಯೇ ಎಂದು ಕೇಳಿದೆ. ಬರುವುದೂ ಉಂಟು, ಬರದೆ ಇರುವುದೂ ಉಂಟು ಅಂದರು. ಅಳುವ ಮೊದಲೇ ಹಚ್ಚಿರಿ, ಅರೆನಿದ್ದೆಯಲ್ಲಿರುವಾಗ. ಮೈಗೆ ಮೈ ತಾಗಿಸಿ, ಮೊದಲು ಎರಡು ಹನಿ ತುಟಿಯ ಮೇಲೆ ಹಿಂಡಿ. ಒತ್ತಾಯ ಬೇಡ. ಮತ್ತೆ, ನೀವು ಹೆಂಗದೀರಿ ಎಂದು ಕೇಳಿದರು. ಛಲೋ ಇಲ್ಲರಿ ಅಂದೆ. ನಾಳೆ ಬರ್ರಿ, ಕೂಸಿಗಲ್ಲ, ನಿಮಗ ಅಂದರು. ಹೂಂ ಅಂದೆ.

ಹೊರಗೆ ಕುಬಸದ ಹಾಡು. ಅವನು ಹೊರಳಿದ. ಮುಷ್ಟಿ ಬಾಯಿಗೆ ಹೋಗುತ್ತಿದೆ, ಕಣ್ಣು ಇನ್ನೂ ಮುಚ್ಚಿದೆ. ಈಗಲೇ. ಸ್ಕಾರ್ಫ್ ತೆಗೆದೆ. ಕೈ ನೋಡಿಕೊಂಡೆ, ಸ್ವಲ್ಪ ನಡುಗುತ್ತಿದೆ, ಸ್ವಲ್ಪ ಅಷ್ಟೇ.

ಹಿಡಿದರೆ ಬರೆಯುತ್ತೇನೆ. ಹಿಡಿಯದಿದ್ದರೆ — ಇರಲಿ, ಬಾಯಿ ತೆರೆಯುತ್ತಿದ್ದಾನೆ.